ಹಾಲವಾಣದ ತಲೆಗೆ ಕಟ್ಟಿದ ಸಾವು

ಮಾನ್ಯ ವೃಕ್ಷಾಧಿಕಾರಿಗಳೇ,

ಕಳೆದ ಗುರುವಾರ ನೀವು ಸಹಿ ಮಾಡಿದ ಆದೇಶದ ಮೂರನೇ ಸಾಲು ಸುಳ್ಳು. "ಸದರಿ ಹಾಲವಾಣ ಕುಲದ ಮರದಿಂದ ಬಿದ್ದು ಒಬ್ಬ ವ್ಯಕ್ತಿ ಮೃತಪಟ್ಟಿದ್ದು, ಸದರಿ ಕುಲವು ಸಾರ್ವಜನಿಕರ ಜೀವಕ್ಕೆ ಅಪಾಯಕಾರಿ ಎಂಬುದು ಸಾಬೀತಾಗಿರುತ್ತದೆ" ಎಂದು ಅದರಲ್ಲಿದೆ. ಆ ಒಬ್ಬ ವ್ಯಕ್ತಿ ನನ್ನ ಅಣ್ಣ. ಅವನನ್ನು ಕೊಂದದ್ದು ನಿಮ್ಮ ಕಚೇರಿ. ಕೊಂದದ್ದು ಸಾಲದೆಂದು ಈಗ ಅವನ ಹೆಣವನ್ನೇ ಸಾಕ್ಷಿಗೆ ನಿಲ್ಲಿಸಿ, ಬರುವ ಸೋಮವಾರ ಬೆಳಿಗ್ಗೆ ನಮ್ಮ ರಸ್ತೆಯ ಉಳಿದ ಅರವತ್ತನಾಲ್ಕು ಮರಗಳನ್ನು ಉರುಳಿಸಲು ಹೊರಟಿದ್ದೀರಿ. ಇಪ್ಪತ್ತೆರಡು ವರ್ಷ ಆ ಮರಗಳನ್ನು ಸವರಿ ಸಾಕಿದವನ ಹೆಸರಿನಲ್ಲೇ ಅವುಗಳ ಬುಡಕ್ಕೆ ಗರಗಸ ಇಡುತ್ತೀರಿ. ಆದೇಶದ ಕೆಳಗಿನ ನಿಮ್ಮ ಸಹಿ ಬಹಳ ಚೆಂದವಾಗಿದೆ, ಮಾನ್ಯರೇ.

ನಾನು ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ಆದರೆ ನನ್ನ ಕೈಬರಹ ನಿಮ್ಮ ಕಚೇರಿಗೆ ಚೆನ್ನಾಗಿ ಗೊತ್ತು. ಮರ ಸವರುವುದು, ಅಂದರೆ ಸೊಪ್ಪಿಗಾಗಿ ಕೊಂಬೆ ಕತ್ತರಿಸುವುದು, ನಮ್ಮ ಮನೆಯ ಕಸುಬು. ಅಪ್ಪ ಹತ್ತುತ್ತಿದ್ದ, ಅಮ್ಮ ಕೆಳಗೆ ನಿಂತು ಹಗ್ಗ ನೋಡಿಕೊಳ್ಳುತ್ತಿದ್ದಳು. ಅವರ ಕಾಲ ಮುಗಿದ ಮೇಲೆ ಅಣ್ಣ ಹತ್ತಿದ, ಹಗ್ಗ ನನ್ನ ಕೈಗೆ ಬಂತು. ಸವರಿದ ಸೊಪ್ಪು ರಸ್ತೆಯ ಎರಡೂ ಬದಿಯ ತರಕಾರಿ ತೋಟಗಳಿಗೆ ಹೋಗುತ್ತದೆ, ಉಳಿದದ್ದು ಆಡುಗಳಿಗೆ. ಸವರುವ ಮೊದಲು ಪ್ರತಿ ವರ್ಷ ನಿಮ್ಮ ಪರವಾನಗಿ ಬೇಕು. "ತಮ್ಮ ಅಮೂಲ್ಯ ಸಮಯವನ್ನು" ಎಂದು ಶುರುವಾಗುವ ಆ ಅರ್ಜಿಯನ್ನು ಹದಿನೈದು ವರ್ಷದಿಂದ ಬರೆಯುತ್ತಿರುವವಳು ನಾನು. ಈ ಸಲವೂ ಬರೆದೆ. ನಿಮ್ಮ ನಾಲ್ಕನೇ ಕೋಣೆಯವರು ನಮಗೆ ಒಂದು ಮಂಗಳವಾರ ಸವರಲು ಅಪ್ಪಣೆ ಕೊಟ್ಟರು. ಐದನೇ ಕೋಣೆಯವರು ಅದೇ ಮಂಗಳವಾರ ಅದೇ ರಸ್ತೆಯಲ್ಲಿ ಮರ ಉರುಳಿಸಲು ಇನ್ನೊಂದು ತಂಡಕ್ಕೆ ಅಪ್ಪಣೆ ಕೊಟ್ಟರು. ಆ ಎರಡು ಕೋಣೆಗಳ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಆಚೆ ಸೀನಿದರೆ ಈಚೆ ಕೇಳಿಸುತ್ತದೆ.

ನಿಮ್ಮ ಆದೇಶದಲ್ಲಿ "ಕುಲ" ಎಂಬ ಪದ ಒಂಬತ್ತು ಸಲ ಬಂದಿದೆ. ಅದೇನೆಂದು ಕಚೇರಿಯಲ್ಲಿ ಯಾರಾದರೂ ವಿಚಾರಿಸಿದ್ದೀರಾ? ಹಾಲವಾಣದ ಕುಲದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ. ಬಿಸಿಲಿನ ನಾಡುಗಳ ತುಂಬ ಹರಡಿಕೊಂಡಿರುವ ದೊಡ್ಡ ಸಂಸಾರ ಅದು. ಮೈತುಂಬ ಮುಳ್ಳಿರುವುದುಂಟು, ಮುಳ್ಳು ಕಡಿಮೆ ಇರುವುದುಂಟು. ಮನೆಯನ್ನು ಮೀರಿ ಬೆಳೆಯುವುದುಂಟು, ಪೊದೆಯಾಗಿಯೇ ಉಳಿಯುವುದುಂಟು. ನಮ್ಮ ಒಂದು ರಸ್ತೆಯಲ್ಲೇ ಮೂರು ಜಾತಿಗಳಿವೆ. ಎಲ್ಲಕ್ಕೂ ಒಂದು ಗುಣ ಮಾತ್ರ ಸಮ: ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಮಣ್ಣಿಗೆ ಉಣಿಸುತ್ತವೆ. ಅವುಗಳ ಪಕ್ಕದ ತೋಟದವರು ಗೊಬ್ಬರದ ಚೀಲ ಹೊತ್ತು ತಂದದ್ದನ್ನು ನಾನು ಕಂಡೇ ಇಲ್ಲ. ಒಂದು ಕೊಂಬೆ ಮಾಡಿದ ತಪ್ಪಿಗೆ ಕುಲಕ್ಕೇ ಮರಣದಂಡನೆ ಎಂದಾದರೆ, ಅಷ್ಟಕ್ಕೇ ಏಕೆ ನಿಲ್ಲಿಸಿದಿರಿ? ಹುರುಳಿಕಾಯಿ, ಬಟಾಣಿ, ಕಡಲೆ ಎಲ್ಲವೂ ಹಾಲವಾಣದ ದಾಯಾದಿಗಳೇ. ನಿಮ್ಮ ಅಡುಗೆಮನೆಗೂ ಒಂದು ತಂಡ ಕಳಿಸಿ, ಡಬ್ಬಗಳನ್ನು ಮುಚ್ಚಳ ಸಮೇತ ವಶಪಡಿಸಿಕೊಳ್ಳಿ.

ಆ ಕೊಂಬೆಯ ಕಥೆಯನ್ನೂ ಹೇಳಿಬಿಡುತ್ತೇನೆ, ನೀವಂತೂ ಹೇಳುವುದಿಲ್ಲ. ಹೋದ ವರ್ಷ ನಿಮ್ಮ ಕಚೇರಿಯ ಮುಂದಿನ ಹಾಲವಾಣವನ್ನು ನಮ್ಮ ಕೈಯಲ್ಲಿ ಸವರಿಸದೆ ಗುತ್ತಿಗೆ ತಂಡ ಕರೆಸಿದಿರಿ. ಅವರು ಏಣಿಯ ಲಾರಿ ತಂದು ಅರ್ಧ ಗಂಟೆಯಲ್ಲಿ ಮರವನ್ನು ಬೋಳಿಸಿ ಹೋದರು. ನಾವು ಹಾಗೆ ಬೋಳಿಸುವುದಿಲ್ಲ. ಎಷ್ಟೇ ಸವರಿದರೂ ಎಲೆ ತುಂಬಿದ ಒಂದು ಕೊಂಬೆಯನ್ನು ಮುಟ್ಟದೆ ಬಿಡುತ್ತೇವೆ, ಅದನ್ನು ಉಸಿರುಕೊಂಬೆ ಎನ್ನುತ್ತೇವೆ. ಅದಿದ್ದರೆ ಬೇರಿನ ಗಂಟುಗಳು ಬದುಕುತ್ತವೆ, ಮರ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ. ಬೋಳಿಸಿದ ಮರ ಗಾಬರಿಬಿದ್ದು ತೊಗಟೆಯಿಂದ ಸಿಕ್ಕಸಿಕ್ಕಲ್ಲಿ ಕೊಂಬೆ ಚಿಮ್ಮಿಸುತ್ತದೆ, ಅವಕ್ಕೆ ಬುಡದಲ್ಲಿ ಹಿಡಿತವೇ ಇರುವುದಿಲ್ಲ. ಅಣ್ಣ ಅದನ್ನು ನೋಡಿ ನಿಮ್ಮ ಗುಮಾಸ್ತರಿಗೆ, "ಸಾರ್, ಇದರ ಕೆಳಗೆ ಏನೂ ನಿಲ್ಲಿಸಬೇಡಿ. ಜೋರು ಗಾಳಿ ಬಂದ್ರೆ ಕಿತ್ಕೊಂಡು ಬೀಳುತ್ತೆ" ಎಂದಿದ್ದ. "ಅರ್ಜಿ ಕೊಡಪ್ಪ" ಎಂದರು ಗುಮಾಸ್ತರು. ಅರ್ಜಿ ಕೊಟ್ಟೆವು. ನೀವು ಅದೇ ಮರದ ಕೆಳಗೆ ಕಾರು ನಿಲ್ಲಿಸಿದಿರಿ. ಕೊಂಬೆ ಬಿತ್ತು, ಕಾರಿನ ಮಾಡು ಜಜ್ಜಿಹೋಯಿತು, ಅದೇ ಕುಲದವೆಂದು ನಮ್ಮ ರಸ್ತೆಯ ಹತ್ತು ಮರ ಕಡಿಯಲು ಮೊದಲ ಆದೇಶ ಹೊರಟಿತು.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಅಣ್ಣ ಮರದ ಮೇಲಿದ್ದ. ನಮ್ಮಲ್ಲಿ ಹಗ್ಗ ಕಟ್ಟುವ ಕ್ರಮ ಬೇರೆ, ಅದನ್ನು ನೀವು ತಿಳಿಯಬೇಕು. ಹಾಲವಾಣದ ಮರ ಮೆದು, ಯಾವ ಕೊಂಬೆ ಯಾವಾಗ ಸೀಳುತ್ತದೆಂದು ಹೇಳಲಾಗದು. ಅದಕ್ಕೇ ನಾವು ಹತ್ತಿದ ಮರವನ್ನು ನಂಬಿ ಅದಕ್ಕೆ ಪ್ರಾಣ ಒಪ್ಪಿಸುವುದಿಲ್ಲ. ಹಗ್ಗ ಸೊಂಟದಿಂದ ಹೊರಟು ಪಕ್ಕದ ಮರದ ಕವಲಿನ ಮೇಲೆ ಹಾದು, ಆ ಮರದ ಬುಡಕ್ಕೆ ಇಳಿಯುತ್ತದೆ. ಗಂಟು ಅಲ್ಲಿ. ಗಂಟಿನ ಪಕ್ಕದಲ್ಲಿ ಹಗ್ಗದವಳು. ಹತ್ತಿದವನು ನೆಲ ಮುಟ್ಟುವ ತನಕ ಅವಳು ಅಲ್ಲಿಂದ ಅಲುಗಬಾರದು, ನೀರು ಕುಡಿಯಲೂ ಹೋಗಬಾರದು. ಅಮ್ಮ ನನಗೆ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಅದನ್ನೇ.

ನಾನು ಅಲುಗಿದೆ. ನಿಮ್ಮ ಜೀಪು ಬಂತು, ಅದರ ಹಿಂದೆ ಗರಗಸದ ತಂಡ. ನಿಮ್ಮ ಮೇಲ್ವಿಚಾರಕರು ಕಿಟಕಿಯಿಂದಲೇ ಕೈ ಮಾಡಿದರು.

"ಪರವಾನಗಿ ತಗೊಂಡು ಬಾಮ್ಮ ಇಲ್ಲಿ."

"ಅಣ್ಣ ಮೇಲಿದ್ದಾನೆ ಸಾರ್. ನೀವೇ ಸ್ವಲ್ಪ ಬನ್ನಿ, ತೋರಿಸ್ತೀನಿ."

"ನಾನ್ಯಾಕೆ ಬರಲಿ? ಇಲ್ಲ ಅಂದ್ರೆ ಇಲ್ಲ ಅಂತ ಹೇಳು. ಮಚ್ಚು, ಹಗ್ಗ ಎಲ್ಲ ಜಪ್ತಿ ಮಾಡಿಸ್ತೀನಿ."

ಗಂಟನ್ನು ಇನ್ನೊಂದು ಸುತ್ತು ಬಿಗಿದು ಮೂವತ್ತು ಹೆಜ್ಜೆ ನಡೆದೆ. ಅವರು ಕಾಗದವನ್ನು ಎರಡೂ ಬದಿ ಓದಿದರು. ಹಿಂಬದಿ ಖಾಲಿಯಿತ್ತು, ಅದನ್ನೂ ಓದಿದರು. ಅಷ್ಟರಲ್ಲಿ ಗರಗಸದ ಸದ್ದು ಶುರುವಾಯಿತು. "ಮೇಲೆ ಮನುಷ್ಯ ಇದ್ದಾನೆ ಸಾರ್, ನಿಲ್ಲಿಸೋಕೆ ಹೇಳಿ" ಎಂದೆ. ಅವರು ಪಟ್ಟಿ ತೆಗೆದು, ಬೆರಳಿಟ್ಟು ಹುಡುಕಿ, ಸಮಾಧಾನವಾಗಿ, "ಅವನಿರೋ ಮರ ಇವತ್ತಿನ ಪಟ್ಟೀಲಿಲ್ಲಮ್ಮ. ಪಕ್ಕದ್ದು ಮಾತ್ರ" ಎಂದರು.

ನಾನು ಓಡಿದೆ. ಕಿರುಚಿದ್ದು ಗರಗಸದವನಿಗೆ ಕೇಳಿಸಲಿಲ್ಲ, ಅವನ ಕಿವಿಗೆ ಮುಚ್ಚಿಗೆಯಿತ್ತು. ಮೆದು ಮರಕ್ಕೆ ಒಂದು ನಿಮಿಷವೂ ಬೇಡ. ಮೇಲೆ ಅಣ್ಣನಿಗೆ ಎಲ್ಲ ಅರ್ಥವಾಗಿತ್ತು. ಒಂದು ಕೈಯಲ್ಲಿ ಕೊಂಬೆ ತಬ್ಬಿಕೊಂಡು ಇನ್ನೊಂದು ಕೈಯ ಮಚ್ಚಿನಿಂದ ಸೊಂಟದ ಹಗ್ಗ ಕಡಿಯುತ್ತಿದ್ದ. ಮೂರೆಳೆಯ ಹಗ್ಗದಲ್ಲಿ ಒಂದೆಳೆ ಕಡಿದಿತ್ತು. ಅಷ್ಟರಲ್ಲಿ ಮರ ವಾಲಿತು, ಹಗ್ಗ ಸೆಟೆಯಿತು, ಅವನನ್ನು ಕೊಂಬೆಯಿಂದ ಕಿತ್ತು ಮುಳ್ಳಿನ ಕಾಂಡಕ್ಕೆ ಉಜ್ಜಿಕೊಂಡು ಎಳೆದೊಯ್ದು ಟಾರು ರಸ್ತೆಗೆ ಅಪ್ಪಳಿಸಿತು. ಒಂದು ಕೆನ್ನೆಯ ಚರ್ಮ ಕಾಂಡದ ಮೇಲೇ ಉಳಿಯಿತು. ಕಾಲುಗಳು ಇರಬಾರದ ಕಡೆಗೆ ತಿರುಗಿದ್ದವು. ಗರಗಸ ಆಮೇಲೆ ನಿಂತಿತು. ಬಾಯಿಂದ ರಕ್ತ ಬರುತ್ತಿದ್ದರೂ ಅವನಿಗೆ ಎಚ್ಚರವಿತ್ತು.

ಹೌದು, ನಾನು ಮಚ್ಚು ಎತ್ತಿದೆ. ಅಣ್ಣನ ಪಕ್ಕದಲ್ಲೇ ಬಿದ್ದಿತ್ತು. ಗರಗಸ ಹಿಡಿದಿದ್ದ ಮೇಸ್ತ್ರಿಗೆ ಬೀಸಿದೆ. ಪೊಲೀಸರ ಕಾಗದದಲ್ಲಿ "ಭುಜಕ್ಕೆ ಹಲ್ಲೆ" ಎಂದಿದೆ, ಅದನ್ನು ತಿದ್ದುತ್ತೇನೆ: ನಾನು ಬೀಸಿದ್ದು ಕುತ್ತಿಗೆಗೆ. ಅವನು ಸರಿದದ್ದರಿಂದ ಹನ್ನೊಂದು ಹೊಲಿಗೆಯಲ್ಲಿ ಮುಗಿಯಿತು. ಆಮೇಲೆ ಜೀಪಿನ ಕಡೆ ಹೋದೆ. ಮೇಲ್ವಿಚಾರಕರು ಗಾಜು ಏರಿಸಿಕೊಂಡು ಒಳಗೆ ಕೂತಿದ್ದರು, ನನ್ನ ಪರವಾನಗಿ ಇನ್ನೂ ಅವರ ಕೈಯಲ್ಲೇ ಇತ್ತು. ಮೂರು ಏಟಿಗೆ ಗಾಜು ಪುಡಿಯಾಯಿತು. ನಾಲ್ಕನೆಯ ಏಟು ಅವರಿಗೆ ಬೀಳುತ್ತಿತ್ತು, ತಂಡದ ನಾಲ್ವರು ನನ್ನನ್ನು ನೆಲಕ್ಕೆ ಕೆಡವಿದರು. ಪಶ್ಚಾತ್ತಾಪವಿದೆಯೇ ಎಂದು ಠಾಣೆಯಲ್ಲಿ ಕೇಳಿದರು. ಮೇಸ್ತ್ರಿಯ ವಿಷಯದಲ್ಲಿ ಇದೆ, ಜೀಪಿನ ವಿಷಯದಲ್ಲಿ ಇಲ್ಲ ಎಂದೆ. ಈಗಲೂ ಅದೇ ಮಾತು.

ಅಣ್ಣ ಎರಡು ದಿನ ಬದುಕಿದ್ದ. ಮರುದಿನ ಬೆಳಿಗ್ಗೆ ನಾನು ಜಾಮೀನು ಪಡೆದು ಆಸ್ಪತ್ರೆಗೆ ಬಂದಾಗ ಅತ್ತಿಗೆ ಚಿಮಟ ಹಿಡಿದು ಅವನ ತೋಳಿನಿಂದ, ಕುತ್ತಿಗೆಯಿಂದ ಮುಳ್ಳು ತೆಗೆಯುತ್ತಿದ್ದಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ, ದಾದಿಯರೂ ಬೇಡ ಎನ್ನಲಿಲ್ಲ. ಬುಧವಾರ ಮಧ್ಯಾಹ್ನ ನಿಮ್ಮ ಗುಮಾಸ್ತರು ಕಡತ ಹಿಡಿದು ಬಂದರು.

"ಮರದಿಂದ ಬಿದ್ರಾ?"

"ಹೌದು ಸಾರ್, ಬಿದ್ದೆ. ಆದ್ರೆ ಪಕ್ಕದ ಮರನ ಅವರು..."

"ಕೇಳಿದ್ದಕ್ಕಷ್ಟೇ ಹೇಳಿ ಸಾಕು. ಸುಮ್ನೆ ಆಯಾಸ ಮಾಡ್ಕೋಬೇಡಿ."

ಪೆನ್ನಿಗೆ ಮುಚ್ಚಳ ಹಾಕಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಸಹಿ ಹಾಕಲು ಬರುತ್ತಿದ್ದ ಮನುಷ್ಯ ಅವನು, ಕೈ ಎತ್ತಲಾಗುತ್ತಿರಲಿಲ್ಲ ಅಷ್ಟೆ. ನಿಮ್ಮ ಮೂರನೇ ಸಾಲು ಹುಟ್ಟಿದ್ದು ಹೀಗೆ. ಸಾಯುತ್ತಿರುವವನ ಮಾತಿನಲ್ಲಿ ಮೊದಲ ಅರ್ಧ ನಿಮಗೆ ಬೇಕಾಗಿತ್ತು, ಅದನ್ನು ಒಯ್ದಿರಿ. ಉಳಿದರ್ಧ ನಮ್ಮ ಹತ್ತಿರ ಇದೆ.

ಆ ಸಂಜೆ ನಾನು ಅವನ ಮಂಚದ ಪಕ್ಕ ಕೂತು ಅಳುತ್ತಿದ್ದೆ. ಗಂಟು ಬಿಟ್ಟು ಹೋದೆನಲ್ಲ ಎಂದೆ. ಅವನು ಕಣ್ಣು ಬಿಟ್ಟು, "ಹೋಗ್ಲಿ ಬಿಡೇ. ಜಾರಿಲ್ಲ ನೋಡು, ಒಳ್ಳೆ ಗಂಟೇ ಹಾಕಿದ್ದೆ ನೀನು" ಎಂದ. ನನ್ನನ್ನು ಚಿಕ್ಕಂದಿನಿಂದ ಅವನು ಹೊಗಳಿದ್ದೇ ಕಡಿಮೆ. ಸಡಿಲ ಗಂಟು ಹಾಕಿದ್ದರೆ ಹಗ್ಗ ಜಾರಿ ಅವನು ಉಳಿಯುತ್ತಿದ್ದ. ಈ ಮಾತನ್ನು ಹೊತ್ತುಕೊಂಡು ನಾನು ಇನ್ನು ಎಷ್ಟು ವರ್ಷ ಬದುಕಬೇಕೋ ಗೊತ್ತಿಲ್ಲ. ನಿಮಗೆ ಹೊರಲು ಏನಿದೆ, ಮಾನ್ಯರೇ? ಜಜ್ಜಿದ ಕಾರು ರಿಪೇರಿಯಾಗಿ ಬಂದಿದೆಯಂತೆ.

ಹೋದ ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅತ್ತಿಗೆ ತೆಗೆದಳು. ಹೊರಗೆ ಗರಗಸದ ಮೇಸ್ತ್ರಿ, ಎಡಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ. ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ, ಆದರೆ ಹೋಗಲಿಲ್ಲ. ಒಳಗೆ ಕರೆದರೂ ಬಾರದೆ ಹೊಸ್ತಿಲ ಹೊರಗೇ ಕೂತ.

"ಹಗ್ಗ ನಾನು ನೋಡಿದ್ದೆ ಅಕ್ಕ," ಎಂದ. "ಬಟ್ಟೆ ಒಣಗಿಸೋಕೆ ಯಾರೋ ಕಟ್ಟಿದ್ದಾರೆ ಅಂದ್ಕೊಂಡೆ. ನಮ್ಮ ಕಡೆ ಹತ್ತಿದ ಮರಕ್ಕೇ ಹಗ್ಗ ಕಟ್ಕೊಳ್ಳೋದು. ಇನ್ನೊಂದು ಮರಕ್ಕೆ ಕಟ್ಟಿರೋ ಹಗ್ಗದ ತುದೀಲಿ ಮನುಷ್ಯ ಇರ್ತಾನೆ ಅಂತ ನನ್ನ ತಲೆಗೇ ಬರಲಿಲ್ಲ. ಮೇಲೆ ಜನ ಇದ್ದಾರೆ ಅಂತಾನೂ ಯಾರೂ ಹೇಳಲಿಲ್ಲ."

ಅತ್ತಿಗೆ ಅವನಿಗೆ ನೀರು ತಂದುಕೊಟ್ಟಳು. ಅವನು ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದ. ಇದನ್ನೇ, ಹಗ್ಗವನ್ನೂ ಪಟ್ಟಿಯನ್ನೂ ಸೇರಿಸಿ, ತನ್ನ ಹೇಳಿಕೆಯಾಗಿ ಬರೆಸಿ ನಿಮ್ಮ ಕಚೇರಿಗೆ ಕೊಟ್ಟಿದ್ದನಂತೆ. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ಅನಗತ್ಯ ವಿವರಗಳನ್ನು ಕೈಬಿಟ್ಟು ಮರುಸಲ್ಲಿಸುವುದು" ಎಂದು ಬರೆದಿದೆ. ಕೆಳಗಿನ ಚಿಕ್ಕ ಸಹಿ ನಿಮ್ಮದೇ ಇರಬೇಕು, ಅದೂ ಚೆಂದವಾಗಿದೆ. ಮರುಸಲ್ಲಿಸದಿದ್ದರೆ ಇನ್ನು ಕೆಲಸವಿಲ್ಲ ಎಂದು ಅವನಿಗೆ ಹೇಳಿದ್ದೀರಿ. ಅವನು ಮರುಸಲ್ಲಿಸಿಲ್ಲ. ನಾನು ಯಾರ ಕುತ್ತಿಗೆಗೆ ಮಚ್ಚು ಬೀಸಿದೆನೋ, ಈ ಇಡೀ ಪ್ರಕರಣದಲ್ಲಿ ನಿಜ ಹೇಳಿದವನು ಅವನೊಬ್ಬ.

ಅವನ ಹೇಳಿಕೆಯ ಪ್ರತಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ನನಗೆ ಬೇಕಾದದ್ದು ಒಂದೇ. ಶನಿವಾರ ಕಚೇರಿ ಮುಚ್ಚುವ ಮುನ್ನ ಆ ಮೂರನೇ ಸಾಲನ್ನು ಹೊಡೆದುಹಾಕಿ, ಅದೇ ಜಾಗದಲ್ಲಿ ನಡೆದದ್ದನ್ನು ಬರೆಯಿರಿ: ಮೇಲೆ ಮನುಷ್ಯನಿದ್ದಾನೆಂದು ತಿಳಿದೂ, ಅವನ ಹಗ್ಗ ಕಟ್ಟಿದ್ದ ಮರವನ್ನು ಈ ಕಚೇರಿ ಕಡಿಸಿತು. ಅಷ್ಟು ಬರೆದ ಮೇಲೂ ಹಾಲವಾಣ ಕುಲ ಅಪಾಯಕಾರಿ ಎನ್ನಲು ನಿಮಗೆ ಕಾರಣ ಉಳಿದಿದ್ದರೆ ಹೇಳಿ, ಕೇಳುತ್ತೇನೆ. ನನ್ನ ಮೇಲಿನ ಕೇಸನ್ನು ಕೈಬಿಡಿ ಎಂದು ನಾನು ಕೇಳುವುದಿಲ್ಲ. ಜೈಲಿಗೆ ಹೋಗಬೇಕಾದರೆ ಹೋಗುತ್ತೇನೆ. ಅಣ್ಣ ಆ ಮರಗಳ ಕೊಲೆಗೆ ಸಾಕ್ಷಿಯಾಗಿ ನಿಮ್ಮ ಕಡತದಲ್ಲಿ ಉಳಿಯಬಾರದು.

ಶನಿವಾರದೊಳಗೆ ಅದಾಗದಿದ್ದರೆ, ಸೋಮವಾರ ನಿಮ್ಮ ತಂಡ ಬರುವ ಮೊದಲೇ ನಾನು ಮೊದಲ ಮರದ ಮೇಲಿರುತ್ತೇನೆ. ಇದುವರೆಗೆ ಒಂದು ಮರವನ್ನೂ ಹತ್ತಿದವಳಲ್ಲ, ಈಗ ಮನೆಯಲ್ಲಿ ಹತ್ತುವವರು ಬೇರೆ ಯಾರೂ ಇಲ್ಲ. ನಮ್ಮ ಕ್ರಮದಂತೆ ಹಗ್ಗ ಎರಡನೇ ಮರಕ್ಕೆ ಇರುತ್ತದೆ. ಯಾವುದು ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂದು ಈ ಸಲ ನೀವೇ ಬಂದು, ಮರದ ಕೆಳಗೆ ನಿಂತು, ನನ್ನ ಮುಖ ನೋಡಿ ಓದಿ ಹೇಳಿ. "ಕೆಳಗೆ ಹಗ್ಗ ಯಾರು ನೋಡ್ಕೋತಾರೆ?" ಎಂದು ಭಾನುವಾರವೇ ಅತ್ತಿಗೆ ಕೇಳಿದಳು. ಹೊಸ್ತಿಲಲ್ಲಿ ಕೂತಿದ್ದವನು ಎದ್ದು ನಿಂತ. ಅವಳು ಅವನ ಜೋಳಿಗೆಯ ಕೈಯನ್ನು ಬಹಳ ಹೊತ್ತು ನೋಡಿ, "ಒಂದೇ ಕೈಲಿ ಆಗುತ್ತಾ?" ಎಂದಳು. ಆಗುತ್ತೆ ಎಂದ. ಹಾಗಾಗಿ ಸೋಮವಾರಕ್ಕೆ ಗರಗಸ ಹಿಡಿಯಲು ನೀವು ಬೇರೆ ಮೇಸ್ತ್ರಿಯನ್ನು ಹುಡುಕಿಕೊಳ್ಳಿ. ಇವನು ನನ್ನ ಗಂಟಿನ ಪಕ್ಕ ನಿಂತಿರುತ್ತಾನೆ. ಜೀಪಿನಿಂದ ಯಾರೇ ಕರೆದರೂ ಅಲುಗುವುದಿಲ್ಲ ಎಂದು ಅತ್ತಿಗೆಗೆ ಮಾತು ಕೊಟ್ಟಿದ್ದಾನೆ.

ಇಂತಿ,
ತಮ್ಮ ಕಡತದಲ್ಲಿ "ಮೃತನ ಸಹೋದರಿ" ಎಂದು ಒಂದು ಪುಟದಲ್ಲೂ
"ಆರೋಪಿ" ಎಂದು ಉಳಿದ ಪುಟಗಳಲ್ಲೂ ಇರುವವಳು