ದೇವರ ಪದಕ್ಕೆ ಸಮಯವಿಲ್ಲವಂತೆ

೧೨ ನವೆಂಬರ್, ಬುಧವಾರ

ಜಿಲ್ಲಾ ಉತ್ಸವಕ್ಕೆ ತಂಡ ಆರಿಸಲು ಬಂದಿದ್ದ ವೇಣುಗೋಪಾಲ್ ಸಾರ್ ಮಾತು ಇನ್ನೂ ಕೊರೆಯುತ್ತಿದೆ. ನಮ್ಮ ಸೋಬಾನೆ ಅವರಿಗೆ ಹಿಡಿಸಿತು. ಆದರೆ, "ವೇದಿಕೆ ಮೇಲೆ ಐದೇ ನಿಮಿಷ ಅಮ್ಮಾ. ದೇವರ ಪದ ಬಿಟ್ಬಿಡಿ, ನೇರ ಹಸೆಗೆ ಕರೆಯೋ ಪದಕ್ಕೆ ಬನ್ನಿ" ಅಂದರು.

ನಮ್ಮ ತಂಡದ ಹಿರಿಯಳು ಅಕ್ಕಯಮ್ಮತ್ತೆ ಎಲೆ ಅಡಿಕೆ ಜಗಿಯುತ್ತಲೇ, "ನಿಮ್ಮನೆ ಮದ್ವೇಲೂ ದೇವ್ರನ್ನ ಬಿಟ್ಟು ಊಟಕ್ಕೇ ಕೂತ್ಕೊಂಡ್ರಾ ಸಾಮಿ?" ಅಂದರು. ಅವರೂ ನಕ್ಕರು, ಸಮಯ ಮಾತ್ರ ಹೆಚ್ಚಿಸಲಿಲ್ಲ.

ಹೋಗುವುದೇ ಬೇಡ ಅನ್ನಿಸಿತ್ತು. ಸೊಸೆ ಸಿಂಚನ ಬಿಡಲಿಲ್ಲ. "ಮದ್ವೆಗಳಿಗೆ ಈಗ ಡಿಜೆ ಕರೀತಾರೆ, ನಮ್ಮನ್ನ ಯಾರು ಕರೀತಾರೆ ಅತ್ತೆ? ಅಲ್ಲೂ ಹಾಡ್ದಿದ್ರೆ ನಾನ್ ಯಾವಾಗ ಕಲೀಲಿ?"

ಅವಳು ಹೇಳಿದ್ದು ಸುಳ್ಳಲ್ಲ. ಹಾಡದೆ ಇಟ್ಟುಕೊಂಡ ಪದ ನಮ್ಮ ಜೊತೆಗೇ ಮಣ್ಣಾಗುತ್ತದೆ.

ಸಂಜೆ ದೀಪ ಹಚ್ಚುವಾಗ ಮನಸ್ಸು ಗಟ್ಟಿ ಮಾಡಿಕೊಂಡೆ. ಹೋಗುತ್ತೇವೆ. ಕೊಟ್ಟಷ್ಟು ಹೊತ್ತೂ ಶಿವಗಂಗೆ ಗಂಗಾಧರನ ಪದವನ್ನೇ ಹಾಡಿ ಇಳಿಯುತ್ತೇವೆ. ಮಿಕ್ಕಿದ್ದು ಬೇಕಾದವರು ನಮ್ಮೂರು ಮಧುರೆಗೆ ಬರಲಿ, ನಮ್ಮ ಜಗಲಿಯ ಮೇಲೆ ಕುಳಿತು ಪೂರ್ತಿ ಕೇಳಲಿ. ಮೊದಲ ಸಾಲು ಸಿಂಚನಳೇ ಎತ್ತಬೇಕು. ಅವಳ ದನಿ ಬೇಗ ಮೇಲಕ್ಕೆ ಹೋಗಿಬಿಡುತ್ತದೆ, ನಾಳೆ ಅವರೆಕಾಯಿ ಬಿಡಿಸುತ್ತಾ ಕೂತಾಗ ಅದನ್ನೊಂದು ತಿದ್ದಬೇಕು.