ತುಳುವಿನ ಮೇಲೆ ಹೊರಿಸಿದ ತಪ್ಪು

ಸೆಂಗ್‌ಕಾಂಗ್, ಸಿಂಗಪುರ
ಜುಲೈ ೧೪, ೨೦೨೪

ಪ್ರೀತಿಯ ಅತ್ತೆಗೆ ಚೈತನ್ಯಾಳ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಮಗಳ ಮನೆಯಲ್ಲಿ ಸುನಂದಕ್ಕ ಎಣ್ಣೆ ಹಚ್ಚಿಕೊಡುತ್ತಾರೋ, ಇಲ್ಲ ಆಮೇಲೆ ಆಮೇಲೆ ಎಂದು ನೀವೇ ತಪ್ಪಿಸಿಕೊಳ್ಳುತ್ತೀರೋ? ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ! ವಿಡಿಯೋ ಕಾಲ್ ಎಂದರೆ ನಿಮ್ಮ ಮಗ ಲತೇಶ್ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಈ ಕಾಗದ.

ತೃಷಾಳ ವರದಿ ಬಂತು. ನಿಮ್ಮ ಮೊಮ್ಮಗಳಿಗೆ ಡಿಸ್ಲೆಕ್ಸಿಯಾ ಇದೆಯಂತೆ. ಬುದ್ಧಿಗೇನೂ ಕಡಿಮೆಯಿಲ್ಲ, ಅಕ್ಷರಕ್ಕೂ ಅದರ ಸದ್ದಿಗೂ ಜೋಡಿ ಹಾಕುವುದೇ ಕಷ್ಟ. ಒಂದು ಸಾಲು ಓದುವಷ್ಟರಲ್ಲಿ ಬೆವರುತ್ತಾಳೆ. ಮೊನ್ನೆ "ಐ ಆಮ್ ಸ್ಟುಪಿಡ್ ಲಾ, ಅಮ್ಮಾ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ, ನೀವು ಇಲ್ಲಿದ್ದಾಗ ಆ ದಿನ ನಾನು ಅಂದದ್ದು ನಿಮಗೆ ನೆನಪಿರುತ್ತದೆ. "ಪ್ಲೀಸ್ ಅತ್ತೆ, ಇವಳ ಹತ್ರ ತುಳು ಬೇಡ. ಕನ್ಫ್ಯೂಸ್ ಆಗ್ತಾಳೆ, ಅದಕ್ಕೇ ರೀಡಿಂಗ್ ಬರ್ತಿಲ್ಲ." ನೀವು ವಾದ ಮಾಡಲಿಲ್ಲ. ಮಾರನೆಯ ದಿನದಿಂದ ನಿಮ್ಮ "ಒಣಸ್ ಆಂಡಾ" ಹೋಗಿ "ಊಟ ಆಯಿತೇ ಮಗೂ" ಬಂತು. ಪಾಠಪುಸ್ತಕದಂಥ ಆ ಕನ್ನಡಕ್ಕೆ ತೃಷಾ ನಕ್ಕಳು, ನಾನೂ ನಕ್ಕೆ. ಆಮೇಲೆ ನೀವು ಅವಳೊಂದಿಗೆ ಮಾತನ್ನೇ ಕಡಿಮೆ ಮಾಡಿದಿರಿ. ಸಂಜೆಯೆಲ್ಲ ಕೆಳಗೆ, ಕಟ್ಟಡದಡಿಯ ತೆರೆದ ವಾಯ್ಡ್ ಡೆಕ್ಕಿನ ಬೆಂಚಿನಲ್ಲಿ ಒಬ್ಬರೇ ಕೂತಿರುತ್ತಿದ್ದಿರಿ. ಕಡೆಗೆ ಟಿಕೆಟ್ ಬದಲಿಸಿಕೊಂಡು ಆರು ವಾರ ಮೊದಲೇ ಊರಿಗೆ ಹೊರಟುಬಿಟ್ಟಿರಿ.

ಪರೀಕ್ಷೆ ಮಾಡಿದ ಮನಃಶಾಸ್ತ್ರಜ್ಞೆಗೆ ತುಳು ವಿಷಯ ಹೇಳಿದೆ. ಇಲ್ಲವೇ ಇಲ್ಲ ಎಂದರು. ಮನೆಯಲ್ಲಿ ಎಷ್ಟು ಭಾಷೆ ಆಡಿದರೂ ಇದು ಬರುವುದಿಲ್ಲ, ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು, ಅದೂ ಒಂದೇ ಜೀನ್ ಅಲ್ಲ, ಹಲವು ಸೇರಿ ಎಂದರು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ಲತೇಶ್ ಮಾವನ ಹೆಸರು ಹೇಳಿದರು. ಮಾವ ಇದ್ದಷ್ಟು ದಿನ ಪೇಪರನ್ನು ನಿಮ್ಮಿಂದಲೇ ಓದಿಸಿಕೊಳ್ಳುತ್ತಿದ್ದರಲ್ಲ, ಅದಕ್ಕೆ. ಅಂದಿನಿಂದ ಇವರು ಸರಿಯಾಗಿ ಊಟ ಮಾಡಿಲ್ಲ. "ಅಪ್ಪನಿಂದ ನಂಗೆ, ನನ್ನಿಂದ ಮಗೂಗೆ" ಎನ್ನುತ್ತಾರೆ. ನಾನು ಪಕ್ಕದಲ್ಲಿ ಸುಮ್ಮನಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಥೆಯೂ ಅದೇ. ಕ್ಷಮೆ ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಮೆಟ್ಟಿಲು ಇಳಿಯುವಾಗ ಜಾಗ್ರತೆ. ಸುನಂದಕ್ಕನಿಗೆ ನಾನು ಕೇಳಿದೆ ಎಂದು ಹೇಳಿ. ಮಗುವಿನ ಮೇಲೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಚೈತನ್ಯಾ

ತಾ.ಕ.: ಮಾವನಿಗೆ ಇತ್ತೋ ಇಲ್ಲವೋ ದೇವರೇ ಬಲ್ಲ. ನನ್ನ ತಮ್ಮ ಜಗದೀಶನಿಗೆ ಇದೆ. ಮದುವೆ ಮಾತುಕತೆಯಲ್ಲಿ ಅವನದು ಡಿಪ್ಲೊಮಾ ಎಂದು ನಮ್ಮವರು ನಿಮಗೆ ಹೇಳಿದ್ದು ಸುಳ್ಳು. ಹತ್ತನೇ ತರಗತಿಗೆ ಮೂರು ಸಲ ಕೂತ, ಪಾಸಾಗಲಿಲ್ಲ. ಇವತ್ತಿಗೂ ಬಸ್ಸಿನ ಬೋರ್ಡು ಓದಲು ಯಾರನ್ನಾದರೂ ಕೇಳುತ್ತಾನೆ. ದಡ್ಡ ಎಂದು ಅವನಿಗೆ ಹೆಚ್ಚು ಹೊಡೆದವಳು ನಾನೇ. ತೃಷಾ ತಡವರಿಸಿದ ಮೊದಲ ದಿನವೇ ನನಗೆ ಅವನ ನೆನಪಾಗಿತ್ತು, ಗೊತ್ತಿದ್ದೇ ನಿಮ್ಮ ತುಳುವಿನ ಮೇಲೆ ಹೊರಿಸಿದೆ. ಲತೇಶ್‌ಗೆ ಹೇಳಲು ಬಾಯೇ ಬರುತ್ತಿಲ್ಲ. ನೀವೇ ಫೋನ್ ಮಾಡಿ ಹೇಳಿಬಿಡಿ. ತುಳುವಿನಲ್ಲೇ ಹೇಳಿ ಅತ್ತೆ, ಹತ್ತು ವರ್ಷವಾದರೂ ನಾನು ಕಲಿತಿಲ್ಲ, ಪಕ್ಕದಲ್ಲಿದ್ದರೂ ನನಗೆ ಅರ್ಥವಾಗುವುದಿಲ್ಲ.