ಕೆಂಪು ಸಾಲು, ಹಸಿರು ಸಾಲು

ತಿಪಟೂರು
೧೪ ಜುಲೈ ೨೦೨೫

ಪ್ರಿಯ ಮೀನಾ,

ನಾವೆಲ್ಲ ಕ್ಷೇಮ. ನಿನ್ನ ಎರಡು ಮೆಸೇಜಿಗೂ ಉತ್ತರ ಕೊಡಲಿಲ್ಲ, ಬೇಸರಿಸಬೇಡ. ಫೋನಿನಲ್ಲಿ ಬರೆದರೆ ಅಳಿಸುವ ಆಸೆಯಾಗುತ್ತದೆ. ಅದಕ್ಕೇ ಕಾಗದ ಹುಡುಕಿದೆ. ನೀನು ಕೇಳಿದ್ದ ಹಲಸಿನ ಹಪ್ಪಳ ಒಣಗಿದೆ, ಕಳಿಸಿದ್ದೇನೆ.

ನಮ್ಮ ತೆಂಗಿನ ಪದಕೋಶದ ಆ್ಯಪನ್ನು ಕಳೆದ ವಾರ ಕಾಲೇಜಿನಲ್ಲಿ ತೋರಿಸಿದೆವು. ಮಾರ್ಚಿನಲ್ಲಿ ನಮ್ಮಿಬ್ಬರಿಗೂ, ಮಾಡಿದ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಕಲಿಸಿದ್ದಳಲ್ಲ ಭಾನುಪ್ರಿಯಾ, ಅವಳು ಹೊಸ ಬಿಸಿಎ ಮಕ್ಕಳಿಗೂ ನಮ್ಮದನ್ನೇ ಪಾಠ ಮಾಡಿದಳು. ಪುಟ್ಟಗಂಗಮ್ಮನನ್ನು ಕರೆಸಿ ಮುಂದೆ ಕೂರಿಸಿದ್ದೆ. ಕೊಬ್ಬರಿ ಒಡೆದೇ ತಲೆ ನರೆತವಳು; ಕೋಶದ ಮುಕ್ಕಾಲು ಪದ ಅವಳ ಬಾಯಿಂದ ಬಂದವು. ನಾವು ಸೀರೆ ಕೊಡಹೋದಾಗ ಅವಳು ಅಂದದ್ದು ನಿನಗೂ ನೆನಪಿರಬೇಕು: "ಸೀರೆ ಬ್ಯಾಡ ಕಣವ್ವ. ನನ್ನೆಸ್ರು ಹಾಕು, ಮೊಮ್ಮಗ್ಳು ಓದ್ಲಿ."

ಭಾನುಪ್ರಿಯಾ, "ಅಟ್ಟದ ಮೇಲೆ ಕಾಯಿ ಹೆಂಗೆ ಹಾಕ್ತೀರಿ?" ಎಂದು ಶುರುಮಾಡಿದಳು.

"ಒಂದೊಂದು ಸಲ ಕಿತ್ತಿದ್ದು ಒಂದೊಂದು ರಾಶಿ," ಎಂದಿತು ಹಿಂದಿನ ಬೆಂಚು.

"ಬೆರೆಸಿದ್ರೆ?"

"ಹಸೀದ್ಯಾವ್ದು ಒಣಗಿದ್ಯಾವ್ದು ಗೊತ್ತಾಗಕಿಲ್ಲ, ಅಷ್ಟೂ ಹಾಳು. ಇವ್ರಿಗೆ ಇದೂ ಹೇಳ್ಕೊಡ್ಬೇಕಾ?" ಎಂದಳು ಪುಟ್ಟಗಂಗಮ್ಮ. ಎಲ್ಲರೂ ನಕ್ಕರು.

"ಇದೂ ಅಷ್ಟೇ ಅಜ್ಜಿ. ಕೆಲಸ ಮಾಡ್ದಾಗೆಲ್ಲ ಒಂದು ರಾಶಿ, ಮೇಲೊಂದು ಚೀಟಿ: ಯಾರು, ಯಾವತ್ತು, ಯಾಕೆ. ಅದೇ ಕಮಿಟ್. ಹೊಸ ರಾಶಿ ಕೆಟ್ರೆ ಹಳೇದಕ್ಕೆ ವಾಪಸ್ ಹೋಗ್ಬಹುದು. ಯಾವುದೂ ಕಳೆಯಲ್ಲ."

ಆಗ ಆ ಮಕ್ಕಳ ನಡುವೆ ಕೂತಿದ್ದ ಅವಳ ಮೊಮ್ಮಗಳು ಧನ್ಯಶ್ರೀ ಎದ್ದಳು. "ಮಿಸ್, ಆ್ಯಪಲ್ಲಿ ಅಜ್ಜಿ ಹೆಸರೇ ಇಲ್ವಲ್ಲ?"

"ಇದ್ದೇ ಇತ್ತು. ನೋಡೋಣ ಬಾ, ಇದೇ ಇವತ್ತಿನ ಪಾಠ," ಎಂದಳು ಭಾನುಪ್ರಿಯಾ.

ಆ್ಯಪಿನ ಕೊನೆಯ ಪುಟದಲ್ಲಾದ ಬದಲಾವಣೆ ಗೋಡೆಯ ಮೇಲೆ ಬಂತು. ತೆಗೆದದ್ದು ಕೆಂಪು: "ಪದ ಕೊಟ್ಟವರು: ಪುಟ್ಟಗಂಗಮ್ಮ." ಸೇರಿಸಿದ್ದು ಹಸಿರು: "ಸಂಶೋಧನೆ: ಮೀನಾ, ಆಶಾ." ಚೀಟಿಯಲ್ಲಿ: "ಬೇಡದ ಸಾಲು ತೆಗೆದಿದೆ." ತೆಗೆದವರ ಹೆಸರು ಓದಲು ಭಾನುಪ್ರಿಯಾ ಹಿಂಜರಿದಳು. ಓದಿದ್ದು ಧನ್ಯಶ್ರೀ: "ಆಶಾ ಮೇಡಂ."

ಪುಟ್ಟಗಂಗಮ್ಮ ನನ್ನ ಮುಖ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, "ಬುಡಮ್ಮಿ, ಬಸ್ಸಿಗೊತ್ತಾಯ್ತು," ಎಂದು ಮೊಮ್ಮಗಳ ಕೈ ಹಿಡಿದು ಎದ್ದಳು.

ತಾರೀಖು ಮೇ ಮೂರು ಮೀನಾ. ಅಂದು ನಾನು ಹಾಲ್ಕುರಿಕೆ ಮಠಕ್ಕೆ ಹೋಗಿದ್ದೆ. ನೀನು ನನ್ನ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನ ಮುಂದೆ. "ಕಾಗುಣಿತ ತಿದ್ತಿರ್ತೀನಿ, ನೀನು ನಿಧಾನಕ್ಕೆ ಬಾರೇ" ಅಂದಿದ್ದೆ ನೀನು. ನಾನು ಫ್ಲಾಸ್ಕಿಗೆ ಕಾಫಿ ತುಂಬಿಟ್ಟು ಹೋದೆ. ಚೀಟಿಯ ಮೇಲೆ ಬೀಳುವುದು ಯಂತ್ರದಲ್ಲಿ ಬರೆದಿಟ್ಟ ಹೆಸರು, ಕೀಲಿ ಒತ್ತಿದ ಬೆರಳಿನದಲ್ಲ. ಮೊದಲ ದಿನವೇ ಭಾನುಪ್ರಿಯಾ ಹೇಳಿದ್ದಳು, ಲ್ಯಾಪ್‌ಟಾಪ್ ಯಾರಿಗೂ ಬಿಡಬೇಡಿ ಎಂದು. ಆ 'ಯಾರಿಗೂ' ಒಳಗೆ ನೀನು ಇದ್ದೀಯೆಂದು ನನಗೆ ಹೊಳೆದಿರಲಿಲ್ಲ. ಇಪ್ಪತ್ತೈದು ವರ್ಷದ ಗೆಳತಿ. ಆ ಕೊನೆಯ ಪುಟವನ್ನು ಆಮೇಲೆ ನಾನೂ ತೆರೆದು ನೋಡಲಿಲ್ಲ; ಅದು ನನ್ನ ತಪ್ಪು.

ಕೆಂಪು ಸಾಲನ್ನು ಎರಡೇ ನಿಮಿಷದಲ್ಲಿ ವಾಪಸ್ ತಂದೆ. ಕವಿ ಹೊಡೆದುಹಾಕಿದ ಸಾಲು ಕವಿಗಷ್ಟೇ ಗೊತ್ತಿರುತ್ತದೆ. ಇಲ್ಲಿ ಹಾಗಲ್ಲ. ಕೆಳಗೆ ನನ್ನ ಹೆಸರಲ್ಲಿ ತೆಗೆದದ್ದು, ಮೇಲೆ ನನ್ನ ಹೆಸರಲ್ಲೇ ಹಾಕಿದ್ದು, ಎರಡೂ ಉಳಿಯುತ್ತವೆ. ಓದಿದವರಿಗೆ ಸಿಕ್ಕಿಬಿದ್ದ ಮೇಲೆ ಹಾಕಿದಂತೆ ಕಾಣುತ್ತದೆ.

ನಿನ್ನ ಹೆಸರನ್ನು ಯಾರಿಗೂ ಹೇಳಿಲ್ಲ. ನಿನ್ನ ಪ್ರೊಫೆಸರ್ ಹುದ್ದೆಯ ಸಂದರ್ಶನ ಹತ್ತಿರ ಬಂದಿದೆ, ಹಸಿರು ಸಾಲು ನಿನಗೆ ಬೇಕಿತ್ತು. ಕೆಲಸ ಸಿಗಲಿ. ನೆಮ್ಮದಿಯೂ ಸಿಗಲಿ.

ನಿನ್ನ
ಆಶಾ

ಮರೆತಿದ್ದೆ: ನಿನ್ನೆ ಪುಟ್ಟಗಂಗಮ್ಮನ ಮನೆಗೆ ಹೋಗಿ ಫೋನಿನಲ್ಲಿ ಅವಳ ಹೆಸರು ತೋರಿಸಿದೆ. ಕುರ್ಚಿ ಹಾಕಿ ಕಾಫಿ ಕೊಟ್ಟಳು. ಮೊದಲೆಲ್ಲ ಚಾಪೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಕೊಬ್ಬರಿ ತೆಗೆದ ಮೇಲೆ ಚಿಪ್ಪಿಗೆ ಅಂಟಿ ಉಳಿಯುವ ಪೊರೆಗೆ ಅವಳೊಂದು ಪದ ಹೇಳುತ್ತಿದ್ದಳು, ಅದನ್ನು ಬರೆದುಕೊಂಡಿರಲಿಲ್ಲ. ಕೇಳಿದೆ. "ಯಾವ್ದೂ ಗ್ಯಾಪ್ಕ ಇಲ್ಲ ಕಣ್ರೀ ಮೇಡಂ," ಅಂದಳು. ನನ್ನನ್ನು ಅವ್ವಾ ಎನ್ನದೆ ಅವಳು ಮಾತಾಡಿದ್ದು ಅದೇ ಮೊದಲು.